ಮಗು, ನಾಯಿ, ಬೆಕ್ಕು ಇರೋ ಮನೆಗೆ ಯಾವ ಗಿಡ?

ಮನೇಲಿ ಅಂಬೆಗಾಲಿಡೋ ಮಗು ಇದೆಯಾ? ನಾಯಿ, ಬೆಕ್ಕು ಇದೆಯಾ? ಹಾಗಾದ್ರೆ ನರ್ಸರಿಗೆ ಹೋಗೋ ಮುಂಚೆ ಇದನ್ನ ಕೇಳಿ.

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಎಷ್ಟೋ ಮನೆಗಳ ಕಿಟಕಿಗೆ ಮನಿ ಪ್ಲಾಂಟ್ ಹಬ್ಬಿರುತ್ತೆ. ಅದರ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಹಸಿ ಕೆಸುವಿನ ಎಲೆ ತುರಿಸೋದೂ ಇದರಿಂದಲೇ. ಕಚ್ಚಿದ್ರೆ ಬಾಯಿ ಉರಿಯುತ್ತೆ, ತುಟಿ ಊದುತ್ತೆ, ಜೊಲ್ಲು ಸುರಿಯುತ್ತೆ. ಡೈಫೆನ್‌ಬೇಕಿಯಾದಲ್ಲೂ ಇವೇ ಹರಳು.

ಇನ್ನು ಕೆಲವು ಪ್ರಾಣಕ್ಕೇ ಅಪಾಯ. ಪೂಜೆಗೆ ಬೆಳೆಸೋ ಕಣಗಿಲೆಯ ಹೂವು, ಎಲೆ, ಕಾಂಡ ಎಲ್ಲವೂ ವಿಷ. ಹೃದಯದ ಬಡಿತವನ್ನೇ ಕೆಡಿಸುತ್ತೆ. ಸೈಕಸ್ ತಿಂದ್ರೆ ನಾಯಿಯ ಲಿವರ್ ಹಾಳಾಗುತ್ತೆ. ಲಿಲ್ಲಿಯ ಪರಾಗ ನೆಕ್ಕಿದ್ರೂ ಬೆಕ್ಕಿನ ಕಿಡ್ನಿ ಕೈಕೊಡಬಹುದು.

ಹಾಗಾದ್ರೆ ಏನಿಡೋದು? ಹಾಲ್‌ಗೆ ಅರೆಕಾ ಪಾಮ್, ಶೆಲ್ಫ್ ಮೇಲೆ ಸ್ಪೈಡರ್ ಪ್ಲಾಂಟ್, ನೆರಳಿನ ಬಾಲ್ಕನಿಗೆ ಬಾಸ್ಟನ್ ಫರ್ನ್. ಬಿಸಿಲು ಬೀಳೋ ಕಡೆ ತುಳಸಿ, ದುಂಡು ಮಲ್ಲಿಗೆ.

ಮಗು ವಿಷದ ಎಲೆ ಕಚ್ಚಿದ್ರೆ, ಬಾಯಲ್ಲಿರೋದನ್ನ ತೆಗೆದು ಒದ್ದೆ ಬಟ್ಟೆಯಿಂದ ಒರೆಸಿ. ವಾಂತಿ ಮಾಡಿಸಬೇಡಿ. ಉಸಿರಾಟಕ್ಕೆ ಕಷ್ಟವಾದ್ರೆ ತಕ್ಷಣ 108ಕ್ಕೆ ಕರೆ ಮಾಡಿ. ಗಿಡದ ಒಂದು ಎಲೆಯನ್ನೂ ಆಸ್ಪತ್ರೆಗೆ ತಗೊಂಡು ಹೋಗಿ. ನಾಯಿ, ಬೆಕ್ಕಾದ್ರೆ ಪಶುವೈದ್ಯರ ಹತ್ರ ಓಡಿ.

ಗಿಡ ಕೊಳ್ಳುವಾಗ ಹೆಸರು ಕೇಳಿ, ಕುಂಡದ ಮೇಲೆ ಬರೆದಿಡಿ. ಹೆಸರು ಗೊತ್ತಿಲ್ಲದ ಗಿಡ ಒಳಗೆ ತರಬೇಡಿ.