ಗೇರುಸೊಪ್ಪೆ ಹೆಸರಿನ ಹಡಗು

ಶರಾವತಿಯ ದಂಡೆಯ ಗೇರುಸೊಪ್ಪೆ ಕನ್ನಡಿಗರಿಗೆ ಹೊಸ ಹೆಸರಲ್ಲ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ ಆಳಿದ ಊರು ಅದು. ಜೋಗದ ಜಲಪಾತವನ್ನು ಬ್ರಿಟಿಷರು ಗುರುತಿಸುತ್ತಿದ್ದುದೂ ಈ ಊರಿನ ಹೆಸರಿನಿಂದಲೇ. ಆದರೆ ಇದೇ ಹೆಸರನ್ನು ಹೊತ್ತ ಹಡಗೊಂದು ಐರ್ಲೆಂಡಿನ ನೈರುತ್ಯಕ್ಕೆ, ಅಟ್ಲಾಂಟಿಕ್ ಸಾಗರದ ತಳದಲ್ಲಿ, ಸುಮಾರು 4,700 ಮೀಟರ್ ಆಳದಲ್ಲಿ ಮಲಗಿದೆ ಎಂಬ ಸಂಗತಿ ಹೆಚ್ಚಿನವರಿಗೆ ತಿಳಿದಿಲ್ಲ. ಟೈಟಾನಿಕ್ ಹಡಗು ಮುಳುಗಿರುವುದಕ್ಕಿಂತಲೂ ಹೆಚ್ಚಿನ ಆಳ ಅದು.

‘ಎಸ್.ಎಸ್. ಗೈರ್ಸೊಪ್ಪಾ’. ಇಂಗ್ಲಿಷರ ನಾಲಿಗೆಗೆ ಸಿಕ್ಕಿ ಗೇರುಸೊಪ್ಪೆ ಹೀಗಾಯಿತು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿಗಾಗಿ 1919ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ ಸರಕು ಹಡಗು ಇದು. ತನ್ನ ಹಡಗುಗಳಿಗೆ ಭಾರತದ ಊರುಗಳ ಹೆಸರಿಡುವುದು ಈ ಕಂಪನಿಯ ರೂಢಿಯಾಗಿತ್ತು.

ಎರಡನೆಯ ಮಹಾಯುದ್ಧದ ಕಾಲ. 1940ರ ಡಿಸೆಂಬರಿನಲ್ಲಿ ಈ ಹಡಗು ಕಲ್ಕತ್ತದಿಂದ ಹೊರಟಿತು. ಒಡಲಲ್ಲಿ ಬೀಡುಕಬ್ಬಿಣ, ಚಹಾ, ಬೆಳ್ಳಿಯ ಗಟ್ಟಿಗಳು ಮತ್ತು ಊರಿಗೆ ಬರೆದ ಕಾಗದಗಳ ಚೀಲಗಳು. ಆಫ್ರಿಕದ ಫ್ರೀಟೌನ್ ಬಂದರಿನಲ್ಲಿ ಇತರ ಹಡಗುಗಳ ಗುಂಪನ್ನು ಸೇರಿಕೊಂಡಿತು. ಶತ್ರು ಜಲಾಂತರ್ಗಾಮಿಗಳ ಭಯದಿಂದ ಆಗ ಹಡಗುಗಳು ಗುಂಪುಗೂಡಿಯೇ ಸಾಗುತ್ತಿದ್ದವು. ದಾರಿಯಲ್ಲಿ ಹವೆ ಕೆಟ್ಟಿತು, ಕಲ್ಲಿದ್ದಲು ಮುಗಿಯುತ್ತ ಬಂತು. ಗುಂಪಿನ ವೇಗಕ್ಕೆ ಹೊಂದಿಕೊಳ್ಳಲಾಗದೆ ಗೈರ್ಸೊಪ್ಪಾ ಒಂಟಿಯಾಗಿ ಐರ್ಲೆಂಡಿನ ಗಾಲ್‌ವೇ ಬಂದರಿನತ್ತ ತಿರುಗಿತು. 1941ರ ಫೆಬ್ರುವರಿ 17ರ ನಡುರಾತ್ರಿಯ ಹೊತ್ತಿಗೆ ಜರ್ಮನಿಯ ಯು-101 ಜಲಾಂತರ್ಗಾಮಿ ಹಾರಿಸಿದ ಟಾರ್ಪಿಡೊ ಅದಕ್ಕೆ ಬಡಿಯಿತು. ಸುಮಾರು ಇಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿದಿತ್ತು.

ಮೂವತ್ತಕ್ಕೂ ಹೆಚ್ಚು ಮಂದಿ ಒಂದು ಜೀವರಕ್ಷಕ ದೋಣಿ ಹತ್ತಿದರು. ಅವರಲ್ಲಿ ಹೆಚ್ಚಿನವರು ಭಾರತದ ಖಲಾಸಿಗಳು. ಚಳಿ, ಹಸಿವು, ಬಾಯಾರಿಕೆಗೆ ದಿನಕ್ಕೆ ಇಷ್ಟು ಮಂದಿಯಂತೆ ಸಾಯುತ್ತ ಹೋದರು. ಹದಿಮೂರನೆಯ ದಿನ ದೋಣಿ ಇಂಗ್ಲೆಂಡಿನ ದಕ್ಷಿಣ ತುದಿಯ ಲಿಜರ್ಡ್ ಎಂಬಲ್ಲಿ ದಡ ಕಂಡಾಗ ಉಸಿರು ಉಳಿದಿದ್ದುದು ಬೆರಳೆಣಿಕೆಯವರಿಗೆ. ದಡದ ಅಲೆಗಳಲ್ಲಿ ದೋಣಿ ಮಗುಚಿ ಅವರೂ ಹೋದರು. ಬದುಕುಳಿದವರು ಒಬ್ಬರೇ, ಹಡಗಿನ ಎರಡನೆಯ ಅಧಿಕಾರಿ ರಿಚರ್ಡ್ ಏರ್ಸ್. ಅವರು 1992ರವರೆಗೆ ಬದುಕಿದ್ದರು.

ಬೆಳ್ಳಿ ಸಿಕ್ಕಿತು, ಕಾಗದವೂ ಸಿಕ್ಕಿತು

ಎಪ್ಪತ್ತು ವರ್ಷಗಳ ನಂತರ, 2011ರಲ್ಲಿ, ಅಮೆರಿಕದ ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಷನ್ ಕಂಪನಿ ಹಡಗಿನ ಅವಶೇಷವನ್ನು ಪತ್ತೆಮಾಡಿತು. 2012 ಮತ್ತು 2013ರಲ್ಲಿ ಯಂತ್ರಗಳನ್ನು ಇಳಿಸಿ 2,700ಕ್ಕೂ ಹೆಚ್ಚು ಬೆಳ್ಳಿ ಗಟ್ಟಿಗಳನ್ನು ಮೇಲೆತ್ತಿತು. ಬೆಳ್ಳಿ ಯಾರದೆಂದು ಹುಡುಕುವ ಕಷ್ಟವೇ ಬರಲಿಲ್ಲ. ಯುದ್ಧಕಾಲದ ವಿಮೆಯ ಹಣವನ್ನು ಬ್ರಿಟಿಷ್ ಸರ್ಕಾರ ಅಂದೇ ಕೊಟ್ಟಿದ್ದರಿಂದ ಬೆಳ್ಳಿಯ ಹಕ್ಕು ಅದರದಾಗಿತ್ತು. ಒಪ್ಪಂದದಂತೆ ಎತ್ತಿದ ಕಂಪನಿಗೆ ನಿವ್ವಳ ಮೌಲ್ಯದ ಶೇಕಡ 80, ಸರ್ಕಾರಕ್ಕೆ ಉಳಿದದ್ದು.

ಬೆಳ್ಳಿಗಿಂತ ಅಚ್ಚರಿಯ ವಸ್ತುವೊಂದು ಜೊತೆಗೆ ಬಂತು. ಏಳುನೂರಕ್ಕೂ ಹೆಚ್ಚು ಕಾಗದಗಳು! ಬೆಳಕಿಲ್ಲದ, ಪ್ರಾಣವಾಯು ಕಡಿಮೆಯಿದ್ದ, ಕೊರೆಯುವ ತಂಪಿನ ಜಾಗದಲ್ಲಿ ಇತರ ಸರಕಿನ ಅಡಿಯಲ್ಲಿ ಒತ್ತಿಕೊಂಡಿದ್ದರಿಂದ ಅವು ಕರಗದೆ ಉಳಿದಿದ್ದವು. ಭಾರತದಲ್ಲಿದ್ದ ಸೈನಿಕರು, ವ್ಯಾಪಾರಿಗಳು, ಪಾದ್ರಿಗಳು ತಮ್ಮ ತಮ್ಮ ಮನೆಗಳಿಗೆ ಬರೆದ ಕಾಗದಗಳವು. ತಜ್ಞರು ಒಂದೊಂದನ್ನೂ ಒಣಗಿಸಿ ಬಿಡಿಸಿದರು. 2018ರಲ್ಲಿ ಲಂಡನ್ನಿನ ಅಂಚೆ ವಸ್ತುಸಂಗ್ರಹಾಲಯ ಅವುಗಳ ಪ್ರದರ್ಶನ ಏರ್ಪಡಿಸಿತು. ಬರೆದವರ, ಪಡೆಯಬೇಕಿದ್ದವರ ಸಂಬಂಧಿಕರನ್ನು ಹುಡುಕುವ ಕೆಲಸವೂ ನಡೆಯಿತು.

ಆ ಹುಡುಕಾಟದಲ್ಲಿ ಸಿಕ್ಕ ಒಂದು ಕಥೆ ಮನ ಕಲಕುವಂಥದು. ವಾಯವ್ಯ ಗಡಿಯಲ್ಲಿದ್ದ ಸೈನಿಕನೊಬ್ಬ ತನ್ನನ್ನು ಮದುವೆಯಾಗಲು ಒಪ್ಪಿದ್ದ ಹುಡುಗಿಗೆ ತನ್ನ ಸಂತೋಷವನ್ನು ತಿಳಿಸಿ ಕಾಗದ ಬರೆದಿದ್ದ. ಕಾಗದ ಕಡಲ ತಳ ಸೇರಿತು. ಆಕೆ ಮುಂದೆ ಬೇರೊಬ್ಬರನ್ನು ಮದುವೆಯಾದರು. ನೂರರ ಅಂಚಿನ ವಯಸ್ಸಿನಲ್ಲಿ, ಸುಮಾರು ಎಪ್ಪತ್ತೇಳು ವರ್ಷ ತಡವಾಗಿ, ಆ ಸಂತೋಷದ ಸುದ್ದಿ ಅವರನ್ನು ತಲುಪಿತು.

ಬೆಳ್ಳಿಗೆ ದಾಖಲೆ ಇತ್ತು, ಒಡೆಯ ಸಿಕ್ಕಿದ. ಕಾಗದದ ಮೇಲೆ ವಿಳಾಸ ಇತ್ತು, ಅದೂ ತಲುಪಿತು. ಹಾಗಾದರೆ ಹಡಗಿನೊಂದಿಗೆ ಮುಳುಗಿದ ಖಲಾಸಿಗಳ ಮನೆಯವರು ಎಲ್ಲಿ?

ಯಾರು ಈ ಲಸ್ಕರರು?

ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ನಾವಿಕರನ್ನು ‘ಲಸ್ಕರ್’ ಎನ್ನುತ್ತಿದ್ದರು. ಸೈನ್ಯ, ದಂಡು ಎಂಬ ಅರ್ಥದ ‘ಲಷ್ಕರ್’ ಎಂಬುದೇ ಈ ಮಾತಿನ ಮೂಲ. ಸಿಲ್ಹೆಟ್, ನೌಖಾಲಿ, ಚಿತ್ತಗಾಂಗ್, ರತ್ನಾಗಿರಿ, ಗೋವಾ, ಗುಜರಾತಿನ ಕರಾವಳಿ ಹೀಗೆ ಹಲವು ಕಡೆಗಳಿಂದ ಅವರು ಬರುತ್ತಿದ್ದರು. ಕಡಲನ್ನೇ ಕಾಣದ ಪಂಜಾಬಿನ ಹಳ್ಳಿಗಳವರೂ ಇದ್ದರು. ಡೆಕ್ಕಿನ ಕೆಲಸಕ್ಕೆ ಒಂದು ಪಡೆ, ಎಂಜಿನ್ ಕೋಣೆಗೆ ಒಂದು, ಅಡುಗೆ ಮತ್ತು ಊಟೋಪಚಾರಕ್ಕೆ ಇನ್ನೊಂದು. ಗೋವಾದವರು ಹೆಚ್ಚಾಗಿ ಈ ಕೊನೆಯ ಪಡೆಯಲ್ಲಿರುತ್ತಿದ್ದರು. ಪಡೆಯ ಯಜಮಾನ ‘ಸೆರಾಂಗ್’, ಅವನ ಕೈಕೆಳಗೆ ‘ಟಿಂಡಲ್’, ಅಡುಗೆಯವ ‘ಭಂಡಾರಿ’. ಸೆರಾಂಗ್ ಸಾಮಾನ್ಯವಾಗಿ ತನ್ನ ಊರಿನವರನ್ನೇ, ನೆಂಟರಿಷ್ಟರನ್ನೇ ಕರೆತರುತ್ತಿದ್ದ. ಹೀಗಾಗಿ ಒಂದು ಹಡಗು ಮುಳುಗಿದರೆ ಒಂದೇ ಹಳ್ಳಿಯ ಹಲವು ಮನೆಗಳಲ್ಲಿ ದೀಪ ಆರುತ್ತಿತ್ತು.

ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ವ್ಯಾಪಾರಿ ಹಡಗುಗಳ ನಾವಿಕರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಭಾರತೀಯರು. ಅದೇ ಹಡಗಿನ ಬ್ರಿಟಿಷ್ ನಾವಿಕನಿಗೆ ಸಿಗುವ ಸಂಬಳದ ಸಣ್ಣ ಭಾಗವಷ್ಟೇ ಅವರ ಪಾಲಿಗೆ. 1939ರಲ್ಲಿ ಯುದ್ಧ ಶುರುವಾದಾಗ ಹಲವು ಬಂದರುಗಳಲ್ಲಿ ಅವರು ಮುಷ್ಕರ ಹೂಡಿದರು. ಸಂಬಳ ಒಂದಿಷ್ಟು ಏರಿತು, ಹಲವರು ಜೈಲನ್ನೂ ಕಂಡರು. ಆ ಯುದ್ಧದಲ್ಲಿ ಸತ್ತ ಭಾರತೀಯ ವ್ಯಾಪಾರಿ ನಾವಿಕರು ಆರು ಸಾವಿರಕ್ಕೂ ಹೆಚ್ಚು. ಕೈಯಲ್ಲಿ ಕೋವಿ ಹಿಡಿಯದೆ ಯುದ್ಧದಲ್ಲಿ ಮಡಿದವರು ಇವರು.

ಒಂದು ಹಡಗು, ಎರಡು ಪಟ್ಟಿ

ಸಮಾಧಿಯೇ ಇಲ್ಲದ ವ್ಯಾಪಾರಿ ನಾವಿಕರಿಗಾಗಿ ಲಂಡನ್ನಿನ ಟವರ್ ಹಿಲ್‌ನಲ್ಲಿ ಒಂದು ಸ್ಮಾರಕವಿದೆ. ಎರಡನೆಯ ಮಹಾಯುದ್ಧದವರ ಸುಮಾರು 24,000 ಹೆಸರುಗಳನ್ನು ಅಲ್ಲಿ ಕಂಚಿನ ಫಲಕಗಳಲ್ಲಿ ಹಡಗುವಾರು ಕೆತ್ತಿದ್ದಾರೆ. ಗೈರ್ಸೊಪ್ಪಾದ ಬ್ರಿಟಿಷ್ ನಾವಿಕರ ಹೆಸರುಗಳು ಅಲ್ಲಿವೆ. ಭಾರತೀಯ ನಾವಿಕರ ಹೆಸರುಗಳಿಗೆ ಸಿಕ್ಕಿದ್ದು ಕಂಚಲ್ಲ, ಕಾಗದ. ರಾಯಲ್ ಇಂಡಿಯನ್ ನೇವಿ ಮತ್ತು ಭಾರತೀಯ ವ್ಯಾಪಾರಿ ನೌಕಾದಳದ ಸುಮಾರು 6,500 ಮಂದಿಯ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದು, ಒಂದು ಪ್ರತಿಯನ್ನು ಮುಂಬಯಿಗೂ ಇನ್ನೊಂದನ್ನು ಚಿತ್ತಗಾಂಗಿಗೂ ಕೊಡಲಾಯಿತು. ಒಂದೇ ದೋಣಿಯಲ್ಲಿ ಒಂದೇ ಚಳಿಗೆ ಸತ್ತವರ ಹೆಸರುಗಳು ಹೀಗೆ ಎರಡು ಖಂಡಗಳಲ್ಲಿ ಹಂಚಿಹೋದವು.

ಮೊದಲನೆಯ ಮಹಾಯುದ್ಧದವರ ಕಥೆಯೂ ಹೆಚ್ಚು ಬೇರೆಯಲ್ಲ. ಕಲ್ಕತ್ತದ ಹೂಗ್ಲಿ ದಂಡೆಯಲ್ಲಿ ಲಸ್ಕರರ ಸ್ಮಾರಕವೊಂದಿದೆ. 1924ರಲ್ಲಿ ಉದ್ಘಾಟನೆಯಾದ ಈ ಗೋಪುರ ಅವಿಭಜಿತ ಬಂಗಾಳ ಮತ್ತು ಅಸ್ಸಾಮಿನ 896 ನಾವಿಕರ ನೆನಪಿನದು.

ಹೆಸರಿನ ಗೋಜಲು

ಸಂಬಂಧಿಕರನ್ನು ಹುಡುಕಹೊರಟವರಿಗೆ ಮೊದಲು ಎದುರಾಗುವ ಗೋಡೆ ಹೆಸರೇ. ಬ್ರಿಟಿಷ್ ನಾವಿಕನಿಗೆ ಮನೆತನದ ಹೆಸರಿರುತ್ತದೆ, ಬೀದಿ, ಮನೆ ಸಂಖ್ಯೆ ಇರುತ್ತದೆ. ಲಸ್ಕರನದು ಹೆಚ್ಚಾಗಿ ಒಂದೇ ಹೆಸರು, ಅಥವಾ ಹೆಸರು ಮತ್ತು ತಂದೆಯ ಹೆಸರು. ಅಬ್ದುಲ್, ಅಲಿ, ಫರ್ನಾಂಡಿಸ್ ಎಂಬ ಹೆಸರಿನವರು ನೂರಾರು ಮಂದಿ. ಬಂದರಿನ ಗುಮಾಸ್ತ ಕಿವಿಗೆ ಕೇಳಿದಂತೆ ಬರೆದುಕೊಂಡದ್ದೇ ದಾಖಲೆ. ಗೇರುಸೊಪ್ಪೆಯಂಥ ಹೆಸರಾಂತ ಊರೇ ಗೈರ್ಸೊಪ್ಪಾ ಆದ ಮೇಲೆ, ಸಿಲ್ಹೆಟ್ಟಿನ ಪುಟ್ಟ ಹಳ್ಳಿಯೊಂದರ ಹೆಸರು ಏನೇನಾಗಿರಬೇಕು ಎಂದು ಊಹಿಸಿಕೊಳ್ಳಬಹುದು.

ಎರಡನೆಯ ಗೋಡೆ ಗಡಿ. 1947ರಲ್ಲಿ ಸಿಲ್ಹೆಟ್ಟಿನ ಹೆಚ್ಚಿನ ಭಾಗ ಪೂರ್ವ ಪಾಕಿಸ್ತಾನಕ್ಕೆ ಸೇರಿತು, 1971ರಲ್ಲಿ ಅದು ಬಾಂಗ್ಲಾದೇಶವಾಯಿತು. ನಾವಿಕ ಹಡಗು ಹತ್ತಿದ್ದು ಕಲ್ಕತ್ತದಲ್ಲಿ, ಅವನ ಮನೆ ಬಾಂಗ್ಲಾದೇಶದಲ್ಲಿ, ದಾಖಲೆ ಲಂಡನ್ನಿನಲ್ಲಿ! ಮೂರು ದೇಶಗಳ ಕಚೇರಿಗಳನ್ನು ಸುತ್ತುವ ಶಕ್ತಿ ಬಡ ರೈತನ ಮೊಮ್ಮಗನಿಗೆ ಎಲ್ಲಿಂದ ಬರಬೇಕು?

ಮೂರನೆಯದು ಮೌನ. ಶವ ಬರಲಿಲ್ಲ, ದಿನ ತಿಳಿಯಲಿಲ್ಲ. ಗಂಡ ಇಂದಲ್ಲ ನಾಳೆ ಬಂದಾನು ಎಂದು ಕಾಯುವ ಹೆಂಗಸು ಸಾವನ್ನು ಒಪ್ಪಿಕೊಳ್ಳುವುದು ಹೇಗೆ? ಇಂಥ ನೆನಪುಗಳು ಬರವಣಿಗೆಗೆ ಇಳಿದದ್ದು ಕಡಿಮೆ. ಬ್ರಿಟನ್ನಿನಲ್ಲಿ ನೆಲೆಸಿದ ಸಿಲ್ಹೆಟ್ಟಿನ ಹಳೆಯ ನಾವಿಕರ ಬಾಯಿಂದಲೇ ಅವರ ಜೀವನಕಥೆ ಕೇಳಿ ಕ್ಯಾರೊಲಿನ್ ಆಡಮ್ಸ್ 1987ರಲ್ಲಿ ಪ್ರಕಟಿಸಿದ ಪುಸ್ತಕ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು.

ಹುಡುಕುವ ದಾರಿ

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಹುಡುಕಾಟದ ಮೊದಲ ಕೊಂಡಿ ಹಡಗಿನ ಹೆಸರು. ಅದು ಗೊತ್ತಾದರೆ ಮುಳುಗಿದ ದಿನ, ಜಾಗ, ಕಾರಣ ತಿಳಿಯುವುದು ಸುಲಭ. ಮುಂದಿನದು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಯಾದಿ. ಅದನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ನಾವಿಕನ ಹೆಸರಿನ ಜೊತೆಗೆ ಅವನ ಹುದ್ದೆ, ಹಡಗು, ಸತ್ತ ದಿನ, ಕೆಲವೊಮ್ಮೆ ತಂದೆಯ ಅಥವಾ ಹೆಂಡತಿಯ ಹೆಸರು ಮತ್ತು ಊರು ಕೂಡ ಅಲ್ಲಿ ಸಿಗುತ್ತದೆ. ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಯುದ್ಧಕಾಲದ ಹಡಗುಗಳ ಸಿಬ್ಬಂದಿ ಪಟ್ಟಿಗಳು, ಸಂಚಾರದ ಚೀಟಿಗಳು, ಕಡಲಲ್ಲಿ ಸತ್ತವರ ದಾಖಲೆಗಳಿವೆ.

ಆದರೆ ಕಾಗದದ ಹೆಸರಿಗೂ ಮನೆಯವರು ಹೇಳುವ ಹೆಸರಿಗೂ ಗಂಟು ಹಾಕಬೇಕಾದರೆ ಎರಡು ಮೂರು ಸಂಗತಿಗಳಾದರೂ ಹೊಂದಬೇಕು. ಹೆಸರೊಂದೇ ಹೊಂದಿದರೆ ಸಾಲದು. ತಂದೆಯ ಹೆಸರು, ಊರು, ವರ್ಷ ಇವುಗಳಲ್ಲಿ ಕೆಲವಾದರೂ ತಾಳೆಯಾಗಬೇಕು. ಒಂದೇ ಹೆಸರನ್ನು ನಾಲ್ಕಾರು ಕಾಗುಣಿತಗಳಲ್ಲಿ ಹುಡುಕಬೇಕು. ಅವಸರಪಟ್ಟರೆ ಯಾರದೋ ಸಾವನ್ನು ಇನ್ಯಾರದೋ ಮನೆಗೆ ಒಯ್ದು ಮುಟ್ಟಿಸಿದಂತಾಗುತ್ತದೆ. ಮನೆಯ ಹಿರಿಯರ ಮಾತು, ಹಳೆಯ ಪೆಟ್ಟಿಗೆಯ ತಳದ ಚಾಕರಿ ಪುಸ್ತಕ, ಹಣ ಕಳಿಸಿದ ಮನಿಯಾರ್ಡರಿನ ಚೂರು, ಇವು ಇಲ್ಲಿ ಯಾವ ಸರ್ಕಾರಿ ಕಡತಕ್ಕೂ ಕಡಿಮೆಯಲ್ಲ.

ಹುಡುಕಿದರೆ ಫಲ ಸಿಗುತ್ತದೆ ಎಂಬುದಕ್ಕೆ ‘ತಿಲಾವಾ’ ಹಡಗಿನ ಕಥೆ ಸಾಕ್ಷಿ. ಅದೇ ಕಂಪನಿಯ ಈ ಹಡಗು ಮುಂಬಯಿಯಿಂದ ಆಫ್ರಿಕಕ್ಕೆ ಹೊರಟಿದ್ದಾಗ 1942ರ ನವೆಂಬರ್ 23ರಂದು ಜಪಾನಿನ ಐ-29 ಜಲಾಂತರ್ಗಾಮಿಗೆ ಬಲಿಯಾಯಿತು. ಪ್ರಯಾಣಿಕರು, ನಾವಿಕರು ಸೇರಿ 280 ಮಂದಿ ಸತ್ತರು. (ಕೆಲವೇ ತಿಂಗಳುಗಳ ನಂತರ ಸುಭಾಷ್‌ಚಂದ್ರ ಬೋಸರನ್ನು ಜರ್ಮನಿಯ ಜಲಾಂತರ್ಗಾಮಿಯಿಂದ ಹತ್ತಿಸಿಕೊಂಡದ್ದು ಇದೇ ಐ-29.) ತಿಲಾವಾದಲ್ಲೂ ಬೆಳ್ಳಿ ಇತ್ತು, ಅದನ್ನೂ 2017ರಲ್ಲಿ ಎತ್ತಲಾಯಿತು, ಅದರ ವ್ಯಾಜ್ಯ 2024ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಆದರೆ ಅದಕ್ಕೂ ಮುಖ್ಯವಾದ ಘಟನೆ 2022ರಲ್ಲಿ ನಡೆಯಿತು. ಸತ್ತವರ ಮತ್ತು ಬದುಕುಳಿದವರ ಮಕ್ಕಳು, ಮೊಮ್ಮಕ್ಕಳು ಎಂಬತ್ತನೆಯ ವರ್ಷದ ನೆನಪಿಗೆ ಮುಂಬಯಿಯಲ್ಲಿ ಒಟ್ಟುಗೂಡಿದರು. ಅವರನ್ನು ಒಬ್ಬೊಬ್ಬರಾಗಿ ಹುಡುಕಿ ಕಲೆಹಾಕಿದ್ದು ಸರ್ಕಾರವಲ್ಲ, ತಮ್ಮವರನ್ನು ಕಳೆದುಕೊಂಡಿದ್ದ ಕುಟುಂಬಗಳೇ.

ಶಾಲೆಯ ಇತಿಹಾಸ ಪುಸ್ತಕದಲ್ಲಿ ಯುದ್ಧವೆಂದರೆ ಸೇನಾಪತಿಗಳು, ಒಪ್ಪಂದಗಳು, ಇಸವಿಗಳು. ಆ ಯುದ್ಧಕ್ಕೆ ಬೇಕಾದ ಕಲ್ಲಿದ್ದಲನ್ನು ಒಲೆಗೆ ಎಸೆದವರ, ಚಹಾ ಸಾಗಿಸಿದವರ, ಅನ್ನ ಬೇಯಿಸಿದವರ ಹೆಸರುಗಳು ಅಲ್ಲಿಲ್ಲ. ನಮ್ಮ ಕರಾವಳಿಯ ಮನೆಗಳಲ್ಲೂ ‘ಅಜ್ಜನ ಅಣ್ಣ ಹಡಗಿಗೆ ಹೋದವನು ಬರಲೇ ಇಲ್ಲ’ ಎಂಬ ಮಾತು ಎಲ್ಲಾದರೂ ಕೇಳಿಬಂದರೆ, ಮಕ್ಕಳು ಅಲ್ಲಿಗೇ ಬಿಡದೆ ಇನ್ನೊಂದು ಪ್ರಶ್ನೆ ಕೇಳಲಿ: ‘ಯಾವ ಹಡಗು?’ ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಬೇಕಾದ ಪ್ರಶ್ನೆ ಅದು. ಬೆಳ್ಳಿ ಕಡಲ ತಳದಲ್ಲಿ ಎಷ್ಟು ವರ್ಷ ಬೇಕಾದರೂ ಕಾಯುತ್ತದೆ. ನೆನಪು ಹಾಗೆ ಕಾಯುವುದಿಲ್ಲ.