ಊರು ಬಿಟ್ಟು ಬಂದವರು ಮನೆ ಎಲ್ಲಿ ಕೊಳ್ಳಬೇಕು?



ಜುಮಾ ಮುಗಿದ ಮೇಲೆ ಮಸೀದಿಯ ಹೊರಾಂಗಣದಲ್ಲಿ ನಮಗೆ ಎದುರಾಗುವ ಪ್ರಶ್ನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೆಚ್ಚಾಗಿದೆ. "ಹಝ್ರತ್, ಕೆಲಸ ಬೆಂಗಳೂರಿನಲ್ಲಿ ಸಿಕ್ಕಿದೆ. ಬಾಡಿಗೆ ಕಟ್ಟಿ ಸಾಕಾಯಿತು. ಮನೆ ಎಲ್ಲಿ ತೆಗೆದುಕೊಳ್ಳಲಿ?" ಕೇಳುವವರು ಭಟ್ಕಳದವರು, ಉಡುಪಿಯವರು, ಕಲಬುರಗಿಯವರು, ಶಿವಮೊಗ್ಗದವರು. ಕಂಪ್ಯೂಟರ್ ಇಂಜಿನಿಯರ್‌ಗಳೂ ಇದ್ದಾರೆ, ಗ್ಯಾರೇಜ್ ಮೆಕ್ಯಾನಿಕ್‌ಗಳೂ ಇದ್ದಾರೆ. ಒಂದು ಕುಟುಂಬ ಇಪ್ಪತ್ತು ವರ್ಷ ದುಡಿದು ಉಳಿಸಿದ್ದು, ತಾಯಿಯ ಬಳೆ, ಹೆಂಡತಿಯ ಸರ, ಊರಿನ ಹಿತ್ತಿಲು, ಇವೆಲ್ಲ ಒಂದೇ ಸಹಿಯಲ್ಲಿ ಕೈಬಿಟ್ಟು ಹೋಗುವ ವ್ಯವಹಾರವಿದು. ಹಾಗಾಗಿ ಇದನ್ನು ಬರೀ ಲೋಕದ ಲೆಕ್ಕ ಎಂದು ಬಿಡುವಂತಿಲ್ಲ. ಹಕ್ಕು, ಹಲಾಲ್, ನೆರೆಹೊರೆ, ಮಕ್ಕಳ ತರಬಿಯತ್ತು ಎಲ್ಲವೂ ಇದರಲ್ಲಿ ಸೇರಿವೆ.

ಮದೀನಾದ ಮೊದಲ ದಿನಗಳು

ಊರು ಬಿಟ್ಟು ಹೊಸ ಊರಿಗೆ ಬಂದವರಿಗೆ ಹಿಜ್ರತ್‌ಗಿಂತ ದೊಡ್ಡ ಪಾಠ ಬೇರೆ ಇಲ್ಲ. ಕ್ರಿ.ಶ. 622ರಲ್ಲಿ ಪ್ರವಾದಿ(ಸ) ಮದೀನಾಕ್ಕೆ ಬಂದಾಗ ಕೂಡಲೇ ಸ್ವಂತ ಮನೆ ಮಾಡಿಕೊಳ್ಳಲಿಲ್ಲ. ಕೆಲವು ತಿಂಗಳು ಅಬೂ ಅಯ್ಯೂಬ್ ಅನ್ಸಾರಿ(ರ) ಅವರ ಮನೆಯಲ್ಲಿ ಅತಿಥಿಯಾಗಿ ತಂಗಿದರು. ಆ ಮನೆಗೆ ಮಹಡಿಯಿತ್ತು. ಕಾಣಲು ಬರುವವರಿಗೆ ಅನುಕೂಲವಾಗಲೆಂದು ಮೊದಲು ಕೆಳಗಿನ ಭಾಗವನ್ನೇ ಆರಿಸಿಕೊಂಡರು. ಮಸೀದಿ ಎದ್ದು ನಿಂತ ಮೇಲೆ ಅದರ ಪಕ್ಕದಲ್ಲಿ ಸಣ್ಣ ಕೋಣೆಗಳು ಎದ್ದವು. ಮಸೀದಿಯ ಜಾಗ ಇಬ್ಬರು ಅನಾಥ ಹುಡುಗರದ್ದು. ಅವರು ಉಚಿತವಾಗಿ ಕೊಡಲು ಸಿದ್ಧರಿದ್ದರೂ ಪ್ರವಾದಿ(ಸ) ಬೆಲೆ ಕೊಟ್ಟೇ ಪಡೆದರು.

ಇದರಲ್ಲಿ ಮೂರು ಪಾಠಗಳಿವೆ. ಬಂದ ಕೂಡಲೇ ಕೊಳ್ಳುವ ಅವಸರ ಬೇಡ. ಮನೆಯನ್ನು ಆರಿಸುವಾಗ ಯಾರು ಯಾರು ಅಲ್ಲಿಗೆ ಬಂದು ಹೋಗುತ್ತಾರೆ ಎಂಬುದನ್ನೂ ಯೋಚಿಸಬೇಕು. ಇನ್ನೊಬ್ಬರ ನೆಲವನ್ನು, ಅವರು ದುರ್ಬಲರಾಗಿದ್ದರಂತೂ, ಬೆಲೆ ಕೊಡದೆ ಮುಟ್ಟಬಾರದು.

ಮೊದಲ ವರ್ಷ ಬಾಡಿಗೆಯೇ ಲೇಸು

ಬಾಡಿಗೆ ಎಂದರೆ ನೀರಿಗೆ ಹಾಕಿದ ಹಣ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಒಂದು ಲೆಕ್ಕ ನೋಡೋಣ. 60 ಲಕ್ಷದ ಒಂದು ಫ್ಲ್ಯಾಟ್ ಎಂದುಕೊಳ್ಳಿ. 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ 5%. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿದರೆ ನಗರದಲ್ಲಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1% ಇದ್ದದ್ದು 2% ಆಗಿದೆ. ಒಟ್ಟು 7.6%, ಅಂದರೆ 4,56,000 ರೂಪಾಯಿ. ತಿಂಗಳಿಗೆ 20,000 ಬಾಡಿಗೆಯಾದರೆ ಇದು ಹತ್ತಿರ ಹತ್ತಿರ 23 ತಿಂಗಳ ಬಾಡಿಗೆ. ಎರಡು ವರ್ಷದೊಳಗೆ ಕಂಪನಿ ಬದಲಾಗಿ ಹೈದರಾಬಾದಿಗೋ ದುಬೈಗೋ ಹೋಗಬೇಕಾಗಿ ಬಂದರೆ ಆ ಹಣ ಮರಳಿ ಬರುವುದಿಲ್ಲ. ಕೆಲಸ ಗಟ್ಟಿಯಾಗಿದೆಯೇ, ಆ ಊರಿನ ಗಾಳಿ ನೀರು ಕುಟುಂಬಕ್ಕೆ ಹಿಡಿಸುತ್ತದೆಯೇ ಎಂದು ತಿಳಿಯಲು ಒಂದು ವರ್ಷದ ಬಾಡಿಗೆ ದುಬಾರಿಯಲ್ಲ.

ಆದರೆ ನಮ್ಮ ಯುವಕರ ಇನ್ನೊಂದು ಸಂಕಟವನ್ನು ನಾವು ಬಲ್ಲೆವು. ಫೋನಿನಲ್ಲಿ ಮನೆ ಖಾಲಿ ಇದೆ ಎಂದವರು ಹೆಸರು ಕೇಳಿದ ಮೇಲೆ "ನಿನ್ನೆಯೇ ಕೊಟ್ಟೆವು" ಎನ್ನುವುದುಂಟು. ನಾಲ್ಕು ಕಡೆ ಹೀಗಾದವನು ಮನನೊಂದು, ಸಿಕ್ಕಿದ ಕಡೆ ಸಾಲ ಮಾಡಿಯಾದರೂ ಕೊಂಡುಬಿಡೋಣ ಎಂದು ಹೊರಡುತ್ತಾನೆ. ನೋವು ನಿಜ. ಆದರೂ ನೋವಿನಲ್ಲಿ ಮಾಡಿದ ಖರೀದಿಗೆ ಬೆಲೆ ತೆರುವವರು ಹೆಂಡತಿ ಮಕ್ಕಳು. ಇಂಥ ಸಮಯದಲ್ಲಿ ಜಮಾಅತಿನವರು ಮುಂದೆ ಬರಬೇಕು. ಮಸೀದಿಯ ಸೂಚನಾ ಫಲಕದಲ್ಲಿ ಬಾಡಿಗೆ ಮನೆಗಳ ಪಟ್ಟಿಗೆ ಒಂದು ಜಾಗ ಇಟ್ಟರೆ ಅದೂ ಒಂದು ಸೇವೆಯೇ.

ಮನೆ, ನೆರೆ, ವಾಹನ

ಮನುಷ್ಯನ ಸೌಭಾಗ್ಯದ ಸಂಗತಿಗಳಲ್ಲಿ ಒಳ್ಳೆಯ ಸಂಗಾತಿಯ ಜೊತೆಗೆ ವಿಶಾಲವಾದ ಮನೆ, ಉತ್ತಮ ನೆರೆಯವನು, ಸುಖವಾದ ವಾಹನ ಇವನ್ನು ಪ್ರವಾದಿ(ಸ) ಎಣಿಸಿದ್ದಾರೆ. ಮನೆ ಹುಡುಕುವವರು ಈ ಮೂರನ್ನೂ ಒಟ್ಟಿಗೆ ತೂಗಬೇಕು. ನಾವು ಮಾತ್ರ ಮೊದಲನೆಯದನ್ನೇ ನೋಡುತ್ತೇವೆ. ಎಷ್ಟು ಚದರಡಿ, ಎಷ್ಟು ಬೆಡ್‌ರೂಮ್ ಎಂಬಲ್ಲಿಗೆ ಮಾತು ಮುಗಿಯುತ್ತದೆ.

ವಾಹನವೆಂದರೆ ಈ ಕಾಲದಲ್ಲಿ ದಾರಿಯೂ ಹೌದು. ಹೊರವಲಯದಲ್ಲಿ ಮನೆ ಅಗ್ಗ. ಆದರೆ ಕೆಲಸಕ್ಕೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆಯಾದರೆ ತಿಂಗಳಿಗೆ 22 ದಿನಕ್ಕೆ 66 ಗಂಟೆ ರಸ್ತೆಯ ಪಾಲು. ತಂದೆ ಮನೆ ಮುಟ್ಟುವಾಗ ಮಕ್ಕಳು ಮಲಗಿರುತ್ತಾರೆ, ಮಗ್ರಿಬ್ ಬಸ್ಸಿನಲ್ಲೇ ಕಳೆದುಹೋಗುತ್ತದೆ. ಮೆಟ್ರೋ ಈ ಲೆಕ್ಕವನ್ನು ಕೆಲವು ಕಡೆ ಬದಲಿಸಿದೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಪೂರ್ಣವಾಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಆರಂಭವಾಯಿತು. ಓಡುತ್ತಿರುವ ಮೆಟ್ರೋವನ್ನು ನಂಬಿ ಮನೆ ಕೊಳ್ಳಿ, ದಲ್ಲಾಳಿ ನಕ್ಷೆಯಲ್ಲಿ ಬೆರಳಿಟ್ಟು ತೋರಿಸುವ ಮೆಟ್ರೋವನ್ನು ನಂಬಿ ಅಲ್ಲ.

ಮೊಹಲ್ಲಾದ ಒಳಗೋ, ಹೊರಗೋ?

ಇದು ಎಲ್ಲರೂ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆ. ಶಿವಾಜಿನಗರ, ಟ್ಯಾನರಿ ರಸ್ತೆ, ಗುರಪ್ಪನಪಾಳ್ಯದಂಥ ಕಡೆ ಮಸೀದಿ, ಮದ್ರಸ, ಹಲಾಲ್ ಅಂಗಡಿ ಎಲ್ಲ ಕೈಗೆಟಕುತ್ತವೆ. ಹೆಣ್ಣುಮಕ್ಕಳು ನಿರ್ಭಯವಾಗಿ ಓಡಾಡುತ್ತಾರೆ, ಮಯ್ಯತ್ ಆದರೆ ಹತ್ತು ಮನೆಯವರು ಓಡಿ ಬರುತ್ತಾರೆ. ಹಾಗೆಯೇ ಇಕ್ಕಟ್ಟು, ಕಿರಿದಾದ ಗಲ್ಲಿ, ಗಾಳಿ ಬೆಳಕಿನ ಕೊರತೆಯೂ ಹಲವು ಕಡೆ ಇದೆ. ಹೊರಗಿನ ಬಡಾವಣೆಯಲ್ಲಿ ಶಾಲೆ, ಉದ್ಯಾನ ಹತ್ತಿರವಿರಬಹುದು, ಆದರೆ ಅಝಾನ್ ಕೇಳಿಸದು.

ಬನೂ ಸಲಿಮಾ ಎಂಬ ಗೋತ್ರದವರ ಮನೆಗಳು ಮದೀನಾದ ಮಸೀದಿಯಿಂದ ದೂರವಿದ್ದವು. ಅವರು ಹತ್ತಿರ ಬಂದು ನೆಲೆಸಲು ಬಯಸಿದಾಗ ಪ್ರವಾದಿ(ಸ) ಇದ್ದಲ್ಲೇ ಇರಿ ಎಂದರು. ಮಸೀದಿಗೆ ನಡೆದು ಬರುವ ಹೆಜ್ಜೆಗಳು ದಾಖಲಾಗುತ್ತವೆ ಎಂದು ಸಮಾಧಾನ ಹೇಳಿದರು. ಮದೀನಾದ ಅಂಚುಗಳು ಬರಿದಾಗುವುದನ್ನು ಅವರು ಇಷ್ಟಪಡಲಿಲ್ಲ ಎಂದೂ ವರದಿಯಿದೆ. ಎಲ್ಲರೂ ಒಂದೇ ಕಡೆ ಗುಂಪುಗೂಡಲೇಬೇಕೆಂದು ದೀನ್ ಹೇಳಿಲ್ಲ ಎಂಬುದಕ್ಕೆ ಇಷ್ಟು ಸಾಕು. ಆದರೆ ಬನೂ ಸಲಿಮಾದವರು ದೂರವಿದ್ದೂ ಮಸೀದಿಗೆ ನಡೆದು ಬರುತ್ತಿದ್ದರು ಎಂಬುದನ್ನು ಮರೆಯಬಾರದು. ನೀವು ಕೊಳ್ಳುವ ಮನೆಯಿಂದ ಜುಮಾಕ್ಕೆ, ಮಕ್ಕಳ ಮದ್ರಸಕ್ಕೆ ಹೋಗಿ ಬರಲು ಸಾಧ್ಯವೇ? ಸಾಧ್ಯವಿದ್ದರೆ ದೂರ ದೋಷವಲ್ಲ.

ನೆರೆಯವನ ಹಕ್ಕಿಗೆ ಧರ್ಮದ ಗೋಡೆಯಿಲ್ಲ. ಪ್ರವಾದಿಯವರ(ಸ) ಶಿಷ್ಯರಾದ ಅಬ್ದುಲ್ಲಾ ಬಿನ್ ಅಮ್ರ್(ರ) ತಮ್ಮ ಮನೆಯಲ್ಲಿ ಕುರಿ ಕೊಯ್ದಾಗ ಮೊದಲು ವಿಚಾರಿಸಿದ್ದು, ಪಕ್ಕದ ಯಹೂದಿ ಮನೆಗೆ ಕೊಟ್ಟಿರಾ ಎಂದು. ಮನೆಗಿಂತ ಮೊದಲು ನೆರೆಯನ್ನು ನೋಡು ಎಂಬ ಮಾತು ಅರಬರಲ್ಲಿದೆ. ಮುಂಗಡ ಕೊಡುವ ಮೊದಲು ಆ ಬೀದಿಗೆ ಮೂರು ಸಲ ಹೋಗಿ ಬನ್ನಿ: ಒಮ್ಮೆ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಹೊತ್ತಿಗೆ, ಒಮ್ಮೆ ರಾತ್ರಿ ಒಂಬತ್ತರ ಮೇಲೆ, ಒಮ್ಮೆ ಜೋರು ಮಳೆ ಬಂದ ಮರುದಿನ. ಮನೆಯ ಹೆಂಗಸರನ್ನೂ ಜೊತೆಗೆ ಕರೆದೊಯ್ಯಿರಿ. ಹಗಲಿಡೀ ಅಲ್ಲಿ ಇರುವವರು ಹೆಚ್ಚಾಗಿ ಅವರೇ. ಪಕ್ಕದ ಮನೆಯ ಬಾಗಿಲು ತಟ್ಟಿ ಸಲಾಮೋ ನಮಸ್ಕಾರವೋ ಹೇಳಿ ಎರಡು ಮಾತಾಡಿದರೆ, ದಲ್ಲಾಳಿ ಒಂದು ತಿಂಗಳು ಮುಚ್ಚಿಟ್ಟದ್ದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ನೀರು ಮತ್ತು ಕಾಗದ

2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿ, ಬಡಾವಣೆಗಳು ಟ್ಯಾಂಕರಿಗಾಗಿ ಕಾದವು. 2022ರ ಸೆಪ್ಟೆಂಬರ್‌ನಲ್ಲಿ ಅದೇ ನಗರದ ಪೂರ್ವ ಭಾಗದಲ್ಲಿ ದುಬಾರಿ ಬಡಾವಣೆಗಳೂ ಮುಳುಗಿ ಜನ ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ. ಆದರೆ ಯೋಜನೆಯ ನೀರು ಬೇರೆ, ನಿಮ್ಮ ನಲ್ಲಿಯ ನೀರು ಬೇರೆ. ಆ ಕಟ್ಟಡಕ್ಕೆ ಕಾವೇರಿ ಸಂಪರ್ಕ ಇದೆಯೇ, ಬೇಸಿಗೆಯಲ್ಲಿ ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಹೋಗುತ್ತದೆ, ಪಕ್ಕದಲ್ಲಿ ರಾಜಕಾಲುವೆ ಇದೆಯೇ ಎಂದು ಅಲ್ಲಿ ವಾಸವಿರುವವರನ್ನೇ ಕೇಳಿ.

ಕಾಗದದ ವಿಷಯದಲ್ಲಿ ಸಂಕೋಚ ಬೇಡ. "ನಮ್ಮವನೇ, ನಮಾಝಿ, ಮೋಸ ಮಾಡುವುದಿಲ್ಲ" ಎಂದು ಕಾಗದ ನೋಡದೆ ಮುಂಗಡ ಕೊಟ್ಟವರ ಕಣ್ಣೀರು ನಾವು ಕಂಡಿದ್ದೇವೆ. ಕುರ್‌ಆನಿನ ಅತಿ ದೀರ್ಘ ಆಯತ್ ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿ ಇಡುವ ಬಗ್ಗೆಯೇ ಇದೆ. ಬರಹ ಕೇಳುವುದು ಅಪನಂಬಿಕೆಯಲ್ಲ, ದೀನ್ ಕಲಿಸಿದ ಶಿಸ್ತು. ಒಬ್ಬ ಒಳ್ಳೆಯ ವಕೀಲರ ಕೈಯಲ್ಲಿ ಇಷ್ಟನ್ನಾದರೂ ನೋಡಿಸಿ:

* ಹಿಂದಿನ 30 ವರ್ಷಗಳ ಕ್ರಯಪತ್ರಗಳ ಸರಪಳಿ ಮತ್ತು ಋಣಭಾರ ಪ್ರಮಾಣಪತ್ರ (ಇಸಿ). ಇಸಿಗೆ ಕಾವೇರಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.
* ಇ-ಖಾತಾ ಮತ್ತು ಕಟ್ಟಿದ ತೆರಿಗೆಯ ರಸೀದಿ. ಎ ಖಾತಾವೋ ಬಿ ಖಾತಾವೋ ಎಂದು ಸ್ಪಷ್ಟವಾಗಿ ಕೇಳಿ.
* ನಿವೇಶನವಾದರೆ ಭೂ ಪರಿವರ್ತನೆಯ ಆದೇಶ ಮತ್ತು ಬಡಾವಣೆಗೆ ಸಿಕ್ಕ ಅನುಮೋದನೆ.
* ಜಮೀನಿನ ಮೂಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಮಾರುವುದನ್ನು 1978ರ ಕಾಯಿದೆ ತಡೆಯುತ್ತದೆ. ವಕ್ಫ್ ಜಮೀನಾದರೆ ಅದರ ಹತ್ತಿರವೂ ಸುಳಿಯಬೇಡಿ.
* ಕಟ್ಟುತ್ತಿರುವ ಅಪಾರ್ಟ್‌ಮೆಂಟ್ ಆದರೆ ರೇರಾ ನೋಂದಣಿ. 2016ರ ಈ ಕಾಯಿದೆಯ ಪ್ರಕಾರ ನೋಂದಾಯಿತ ಕರಾರಿಲ್ಲದೆ ಬಿಲ್ಡರ್ 10%ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ.
* ಕಟ್ಟಿ ಮುಗಿದದ್ದಾದರೆ ಸ್ವಾಧೀನಾನುಭವ ಪತ್ರ (ಓಸಿ). ಇದಿಲ್ಲದಿದ್ದರೆ ವಿದ್ಯುತ್, ನೀರಿನ ಸಂಪರ್ಕಕ್ಕೇ ತೊಡಕು.

ಬರೀ ಜಿಪಿಎ ಮೇಲೆ ಮಾರುವವರಿಂದ ದೂರವಿರಿ. ಅಂಥ ಮಾರಾಟದಿಂದ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮಾರುವವರಿಗೂ ಒಂದು ಮಾತು: ಗೋಡೆಯ ಬಿರುಕನ್ನು ಬಣ್ಣ ಬಳಿದು ಮುಚ್ಚಿ ಮಾರಿದ ಹಣದಲ್ಲಿ ಬರಕತ್ ಇರುವುದಿಲ್ಲ.

ಹಣ ಎಲ್ಲಿಂದ?

ಬಡ್ಡಿಯ ಹರಾಮಿನ ಬಗ್ಗೆ ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಭಾರತದಲ್ಲಿ ಇಸ್ಲಾಮೀ ಬ್ಯಾಂಕಿಂಗ್ ತರುವ ಪ್ರಸ್ತಾವವನ್ನು ಮುಂದುವರಿಸುವುದಿಲ್ಲವೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ತಿಳಿಸಿತು. ಹಾಗಾಗಿ ದಾರಿ ಕಿರಿದು, ಆದರೆ ಮುಚ್ಚಿಲ್ಲ. ಮಾರುವವನ ಜೊತೆ ನೇರವಾಗಿ, ಬೆಲೆಯನ್ನು ಮೊದಲೇ ಖಚಿತಪಡಿಸಿಕೊಂಡು ಕಂತಿನಲ್ಲಿ ಕೊಳ್ಳುವುದು ಬಹುಪಾಲು ವಿದ್ವಾಂಸರ ಪ್ರಕಾರ ಸಮ್ಮತ. ನಗದಿಗಿಂತ ಬೆಲೆ ಹೆಚ್ಚಾದರೂ ಸರಿ, ಕಂತು ತಡವಾದಾಗ ಬೆಲೆ ಏರಬಾರದು. ಬಂಧುಗಳಿಂದ ಕರ್ಝೆ ಹಸನ, ಸಣ್ಣ ಮನೆ, ಇನ್ನೂ ನಾಲ್ಕು ವರ್ಷದ ತಾಳ್ಮೆ, ಇವೂ ದಾರಿಗಳೇ. ಬಾಡಿಗೆ ಮನೆಯಲ್ಲಿರುವುದು ಪಾಪವಲ್ಲ, ಅವಮಾನವೂ ಅಲ್ಲ.

ಅದೇ ಹೊತ್ತಿಗೆ, ಗಡ್ಡ ಟೋಪಿ ತೋರಿಸಿ "ಹಲಾಲ್ ಲಾಭ" ಎಂದು ಹಣ ಕೇಳುವವರನ್ನು ಕಣ್ಣು ಮುಚ್ಚಿ ನಂಬಬೇಡಿ. 2019ರಲ್ಲಿ ಬೆಂಗಳೂರಿನಲ್ಲಿ ಅಂಥ ಒಂದು ಸಂಸ್ಥೆ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳ ಮನೆಯ ಹಣ, ಮದುವೆಯ ಹಣ ಮುಳುಗಿತು. ವ್ಯಾಪಾರದಲ್ಲಿ ನಷ್ಟವೂ ಇರುತ್ತದೆ. ತಿಂಗಳು ತಿಂಗಳು ಖಚಿತ ಲಾಭದ ಭರವಸೆಯೇ ಅನುಮಾನಕ್ಕೆ ಕಾರಣವಾಗಬೇಕು.

ಇನ್ನು, ನಾವು ಹೆಚ್ಚು ಒತ್ತಿ ಹೇಳಬೇಕಾದ ಎರಡು ಹಕ್ಕುಗಳು. ಮೊದಲನೆಯದು ಹೆಂಡತಿಯದು. ಮಹರ್, ತವರಿನ ಚಿನ್ನ, ಆಕೆಯ ಸಂಬಳ, ಇವು ಆಕೆಯ ಸ್ವಂತ ಸೊತ್ತು. ಅದನ್ನು ಮಾರಿ ಮುಂಗಡ ಕಟ್ಟಿದರೆ ಅದು ಸಾಲವೋ, ಉಡುಗೊರೆಯೋ, ಪಾಲುದಾರಿಕೆಯೋ ಎಂದು ಆಕೆಯ ಮನಃಪೂರ್ವಕ ಒಪ್ಪಿಗೆಯಿಂದ ಬರೆದಿಡಿ. ಪಾಲುದಾರಿಕೆಯಾದರೆ ಕ್ರಯಪತ್ರದಲ್ಲಿ ಆಕೆಯ ಹೆಸರೂ ಬರಲಿ. ಗಂಡ ತೀರಿಕೊಂಡ ಮೇಲೆ ಮೈದುನರ ಮುಂದೆ ತನ್ನ ಚಿನ್ನದ ಲೆಕ್ಕ ಹೇಳಿ ಅಳುವ ಸ್ಥಿತಿ ನಮ್ಮ ಯಾವ ಸಹೋದರಿಗೂ ಬಾರದಿರಲಿ.

ಎರಡನೆಯದು ಅಕ್ಕತಂಗಿಯರದು. ನಗರದ ಮನೆಗೆಂದು ಊರಿನ ತಂದೆಯ ಮನೆ ಮಾರುವಾಗ, "ನಿಮಗೆ ಮದುವೆ ಮಾಡಿಕೊಟ್ಟಿದ್ದೇವಲ್ಲ" ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ರೂಢಿ ನಮ್ಮಲ್ಲಿದೆ. ತವರು ಮುನಿದೀತು ಎಂಬ ಅಂಜಿಕೆಯಿಂದ ಹಾಕಿದ ಸಹಿ ಸಮ್ಮತಿಯಲ್ಲ. ಸೂರಃ ನಿಸಾದಲ್ಲಿ ಅಲ್ಲಾಹನು ನಿಗದಿಪಡಿಸಿದ ಪಾಲನ್ನು ಮೊದಲು ಅವರ ಕೈಗೆ ಕೊಡಿ. ಒಂದು ಗೇಣು ನೆಲವನ್ನು ಅನ್ಯಾಯವಾಗಿ ಕಬಳಿಸಿದವನಿಗೂ ಪರಲೋಕದಲ್ಲಿ ಕಠಿಣ ಶಿಕ್ಷೆಯ ಎಚ್ಚರಿಕೆಯಿದೆ. ತಂಗಿಯ ಪಾಲು ನುಂಗಿ ಕೊಂಡ ಮನೆಗೆ ಎಷ್ಟು ಕುರ್‌ಆನ್ ಓದಿಸಿ ಗೃಹಪ್ರವೇಶ ಮಾಡಿದರೇನು?

ಝಕಾತಿನ ಪ್ರಶ್ನೆಗೆ ಚಿಕ್ಕ ಉತ್ತರ: ವಾಸದ ಮನೆಗೆ ಝಕಾತ್ ಇಲ್ಲ. ಮಾರಿ ಲಾಭ ಪಡೆಯಲೆಂದೇ ಕೊಂಡ ನಿವೇಶನಕ್ಕೆ ಪ್ರತಿವರ್ಷ ಅಂದಿನ ಮಾರುಕಟ್ಟೆ ಬೆಲೆಯ ಮೇಲೆ ಇದೆ. ಮನೆಗೆಂದು ಕೂಡಿಟ್ಟ ಹಣ ನಿಸಾಬ್ ಮುಟ್ಟಿ ಒಂದು ಚಾಂದ್ರಮಾನ ವರ್ಷ ದಾಟಿದರೆ ಅದಕ್ಕೂ ಇದೆ.

ಇಷ್ಟೆಲ್ಲ ವಿಚಾರಿಸಿ, ಅನುಭವಿಗಳನ್ನು ಕೇಳಿ, ಎರಡು ರಕಅತ್ ಇಸ್ತಿಖಾರ ನಮಾಝ್ ಮಾಡಿ ನಿರ್ಧರಿಸಿ. ಇಸ್ತಿಖಾರವೆಂದರೆ ಕನಸಿಗೆ ಕಾಯುವುದಲ್ಲ. ಕೈಲಾದ ವಿಚಾರಣೆ ಮುಗಿಸಿ ಫಲಿತಾಂಶವನ್ನು ಅಲ್ಲಾಹನಿಗೆ ಒಪ್ಪಿಸುವುದು. ನಮ್ಮ ಮನೆಗಳನ್ನು ಅಲ್ಲಾಹನು ಹಲಾಲ್ ಹಣದಿಂದ, ಒಳ್ಳೆಯ ನೆರೆಯಿಂದ, ನೆಮ್ಮದಿಯಿಂದ ತುಂಬಲಿ. ಸೂರಿಲ್ಲದವರಿಗೆ ಸೂರು ಕರುಣಿಸಲಿ. ಆಮೀನ್.