ಮನೆಯ ವಯರಿಂಗ್ ತಪಾಸಣೆ: ವರದಿ ಓದುವುದು ಹೇಗೆ?

ಮಣ್ಣು ಪರೀಕ್ಷೆಯ ವರದಿ ಬಂದರೆ ರಂಜಕ ಎಷ್ಟು, ಪೊಟ್ಯಾಷ್ ಎಷ್ಟು ಅಂತ ಬೆರಳಿಟ್ಟು ಓದುತ್ತೇವೆ. ಮನೆಯ ವಯರಿಂಗ್ ಪರೀಕ್ಷೆಯ ವರದಿಯನ್ನು ಮಾತ್ರ ಮಡಚಿ ಕಪಾಟಿನಲ್ಲಿಡುತ್ತೇವೆ!

ಮಳೆಗಾಲದಲ್ಲಿ ನಮ್ಮ ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಲೈಸೆನ್ಸ್ ಇರುವ ವಯರ್‌ಮ್ಯಾನರನ್ನು ಕರೆಸಿ ಇಡೀ ಮನೆ ಪರೀಕ್ಷೆ ಮಾಡಿಸಿದೆ. ಅವರು ಕೊಟ್ಟ ಹಾಳೆಯಲ್ಲಿ ಐದು ಸಾಲು. ಅವರನ್ನೇ ಕೂರಿಸಿಕೊಂಡು ಒಂದೊಂದಾಗಿ ಕೇಳಿ ತಿಳಿದದ್ದು ಇಲ್ಲಿದೆ.

ಇನ್ಸುಲೇಶನ್: ಮನೆ 20, ಬಚ್ಚಲು 0.3 ಮೆಗಾಓಮ್

ಮೈನ್ ಆಫ್ ಮಾಡಿ, ಬಲ್ಬು, ಮಿಕ್ಸಿ, ಟಿ.ವಿ. ಎಲ್ಲ ಕಳಚಿ, ಮೆಗ್ಗರಿನಿಂದ 500 ವೋಲ್ಟ್ ಕೊಟ್ಟು ನೋಡುವ ಪರೀಕ್ಷೆ ಇದು. ವಯರಿನ ಹೊದಿಕೆ ಎಷ್ಟು ಗಟ್ಟಿ ಅಂತ ತಿಳಿಯುತ್ತದೆ. ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು. 1 ಮೆಗಾಓಮಿಗಿಂತ ಕೆಳಗಿಳಿದರೆ ಆ ಲೈನು ನಪಾಸು. ನಮ್ಮಲ್ಲಿ ಗೀಸರಿನ ಪಾಯಿಂಟಿಗೆ ಗೋಡೆಯ ತೇವ ಇಳಿದಿತ್ತು. ಹಳೆಯ ವರದಿ ಇದ್ದರೆ ಹೋಲಿಸಿ. ಮೊದಲು 20 ಇದ್ದದ್ದು ಈಗ 2 ಆಗಿದ್ದರೆ ಪಾಸಾದರೂ ಹೊದಿಕೆ ಹಾಳಾಗುತ್ತಿದೆ ಅಂತಲೇ ಅರ್ಥ.

ಅರ್ಥ್ ಗುಂಡಿ: 9 ಓಮ್

ಇಲ್ಲಿ ಉಲ್ಟಾ; ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು. 'ಅರ್ಥಿಂಗ್ ಇದೆಯಲ್ಲ, ಇನ್ನೇನು ಭಯ?' ಎಂಬ ನನ್ನ ಧೈರ್ಯ ಇಳಿದದ್ದು ಇಲ್ಲಿಯೇ. ಲೆಕ್ಕ ನೋಡಿ. ಫೇಸ್ ವಯರು ಗೀಸರಿನ ಮೈಗೆ ತಗಲಿತು ಅನ್ನಿ. 230 ವೋಲ್ಟನ್ನು 9ರಿಂದ ಭಾಗಿಸಿದರೆ ಸುಮಾರು 25 ಆಂಪಿಯರ್. ಇಷ್ಟಕ್ಕೆ 16 ಆಂಪಿಯರಿನ ಎಂ.ಸಿ.ಬಿ. ತಕ್ಷಣ ಬೀಳುವುದಿಲ್ಲ. ಅದು ಬಿಸಿಯಾಗಿ ಬೀಳುವ ತನಕ ಗೀಸರಿನ ಮೈಯಲ್ಲಿ ಕರೆಂಟು ಇದ್ದೇ ಇರುತ್ತದೆ. ಮುಟ್ಟಿದವನ ಗತಿ?

ಅರ್ಥ್ ಕಂಟಿನ್ಯೂಟಿ: ಗೀಸರಿನಲ್ಲಿ ಇಲ್ಲ

ಗುಂಡಿ ಇದ್ದರೆ ಸಾಲದು, ಅಲ್ಲಿಂದ ಪ್ರತಿಯೊಂದು ತ್ರೀಪಿನ್ ಸಾಕೆಟಿನ ತನಕ ವಯರು ತಲುಪಿರಬೇಕು. ನಮ್ಮ ಬಚ್ಚಲಿಗೆ ಅದು ಬಂದೇ ಇರಲಿಲ್ಲ. ಮೇಲಿನ ದೊಡ್ಡ ತೂತು ಸುಮ್ಮನೆ ಶೋಕಿಗೆ!

ಪೊಲಾರಿಟಿ: ಒಂದು ಕಡೆ ತಪ್ಪು

ಸ್ವಿಚ್ಚು ಫೇಸಿನ ಮೇಲೆ ಇರಬೇಕು. ನ್ಯೂಟ್ರಲಿಗೆ ಹಾಕಿದ್ದರೆ ಲೈಟ್ ಆರಿದರೂ ಹೋಲ್ಡರಿನಲ್ಲಿ ಕರೆಂಟು ಇರುತ್ತದೆ. ಬಲ್ಬು ಬದಲಿಸುವವನಿಗೆ ಅದು ಗೊತ್ತಾಗುವುದೇ ಇಲ್ಲ.

ಇ.ಎಲ್.ಸಿ.ಬಿ.: ಇಲ್ಲ

ಐದರಲ್ಲಿ ಅತಿ ಮುಖ್ಯ ಸಾಲು ಇದು. ಈಗ ಅಂಗಡಿಯಲ್ಲಿ ಆರ್.ಸಿ.ಸಿ.ಬಿ. ಅಂತ ಕೇಳಬೇಕು. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲಿನಲ್ಲಿ ವಾಪಸು ಬಂತೇ ಎಂದು ಇದು ಲೆಕ್ಕ ಇಡುತ್ತದೆ. 30 ಮಿಲಿ ಆಂಪಿಯರ್, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು ಬೇರೆಲ್ಲೋ ಸೋರಿದರೆ 300 ಮಿಲಿ ಸೆಕೆಂಡಿನೊಳಗೆ ಲೈನು ಕಡಿಯಬೇಕು. 25 ಆಂಪಿಯರಿಗೂ ಎಂ.ಸಿ.ಬಿ. ಕಾಯುತ್ತಾ ಕೂತರೆ ಇದು ಕಾಯುವುದಿಲ್ಲ. ಸೋರಿಕೆ ಮನುಷ್ಯನ ಮೈ ಮೂಲಕ ಹೋದರೂ ಬೀಳುತ್ತದೆ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವನನ್ನು ಇದೂ ಉಳಿಸಲಾರದು, ನೆನಪಿರಲಿ.

ನಾವು ಮೊದಲು ಗೀಸರಿನ ಲೈನು ಬಿಡಿಸಿದೆವು. ಅದೇ ದಿನ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕೂರಿಸಿದೆವು. ಬಚ್ಚಲಿಗೆ ಹೊಸ ವಯರು, ಅರ್ಥ್ ಎಳೆದದ್ದು ಆಮೇಲೆ. ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತುತ್ತೇನೆ. ಒತ್ತಿದ ಕೂಡಲೇ ಬೀಳಬೇಕು. ಅದು ಸ್ವಿಚ್ಚಿನ ಪರೀಕ್ಷೆ ಅಷ್ಟೇ, ಅರ್ಥಿನದ್ದಲ್ಲ.

ಮಳೆಗಾಲದಲ್ಲಿ ಆಗಾಗ ಬೀಳುತ್ತದೆ ಅಂತ ಇದನ್ನು ತಪ್ಪಿಸಿ ನೇರ ಕರೆಂಟು ಕೊಟ್ಟುಕೊಂಡ ಮನೆಗಳನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನಾಯಿ ಬೊಗಳುತ್ತದೆ ಅಂತ ಓಡಿಸುವುದೇ? ಕಳ್ಳ ಎಲ್ಲಿದ್ದಾನೆ ನೋಡಿ.

ಇನ್ನೊಂದು ಮಾತು. ನಮ್ಮ ಮುರಕಲ್ಲಿನ ನೆಲ ಮಳೆಗಾಲದಲ್ಲಿ ಒದ್ದೆ, ಏಪ್ರಿಲಿನಲ್ಲಿ ಒಣ. ನೆಲ ಒಣಗಿದಂತೆ ಅರ್ಥಿನ ಅಂಕಿ ಏರುತ್ತದೆ. ಗೋಡೆ ತೇವವಾದಂತೆ ಇನ್ಸುಲೇಶನ್ ಇಳಿಯುತ್ತದೆ. ಹಾಗಾಗಿ ಅರ್ಥ್ ಅಳೆಯಲು ಬೇಸಗೆ, ಮೆಗ್ಗರ್ ಹಿಡಿಯಲು ಮಳೆಗಾಲ. ವರದಿಯಲ್ಲಿ ತಾರೀಕು ಬರೆಸಲು ಮರೆಯಬೇಡಿ.